ಬಿಸಿಗಾಳಿಯಲ್ಲಿ ತೆರೆದಿದ್ದ ಬಾಗಿಲು

"ಏನಮ್ಮಾ, ಆ ಪರದೆ ಸ್ವಲ್ಪ ಇಳಿಸ್ತೀಯಾ? ಮೇಡಂ ಮುಖಕ್ಕೆ ಬಿಸಿಲು ಹೊಡೀತಿದೆ," ಅಂದ ರುಜ್ಜೇರೊ.

ನಿಂಫಾ ತನ್ನ ಮೂರು ಚಕ್ರದ ಲಾಪಾವನ್ನು ಹಳೇ ಬಂದರಿನ ಪಕ್ಕ ನಿಲ್ಲಿಸಿ ಕೆಳಗಿಳಿದಳು. ಎಡಬದಿಯ ಕ್ಯಾನ್ವಾಸ್ ಪರದೆಯನ್ನು ಮೇಲಕ್ಕೆ ಸುತ್ತಿ ಹಗ್ಗದಿಂದ ಬಿಗಿದಿತ್ತು. ಉಗುರು ಹಾಕಿದಳು, ಹಲ್ಲು ಹಾಕಿದಳು. ಜಪ್ಪಯ್ಯ ಅಂದರೂ ಗಂಟು ಸಡಿಲಲಿಲ್ಲ.

"ಇದು ನನ್ನ ಕೈಗೆ ಬಗ್ಗೋ ಗಂಟಲ್ಲ ಮೇಡಂ. ಕಟ್ಟಿದವನೇ ಬಿಚ್ಚಬೇಕು. ಆ ಪುಣ್ಯಾತ್ಮ ಈಗ ಕೈಗೆ ಸಿಗೋದಿಲ್ಲ."

"ಪರವಾಗಿಲ್ಲ ಬಿಡಿ. ಬಿಸಿಲು ನನಗಿಷ್ಟ," ಅಂದಳು ಹಿಂದಿನ ಸೀಟಿನಲ್ಲಿದ್ದ ಬಿರ್ಗಿಟ್. ಡೆನ್ಮಾರ್ಕಿನ ಹೆಂಗಸು, ತಲೆಯೆಲ್ಲ ಬೆಳ್ಳಗೆ. ಊರಿನ ಭಾಷೆಯನ್ನು ನಿಧಾನವಾಗಿ, ಆದರೆ ತಪ್ಪಿಲ್ಲದೆ ಮಾತಾಡುತ್ತಿದ್ದಳು. ಕೊರಳಲ್ಲಿ ಮೊಳದುದ್ದ ಲೆನ್ಸಿನ ಕ್ಯಾಮೆರಾ ನೇತಾಡುತ್ತಿತ್ತು. ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಚೆನ್ನಾಗಿದೆ ಇದು. ಎರಡು ಸುತ್ತು ಒಳಗೆ, ಒಂದು ಕಿವಿ ಹೊರಗೆ. ಮೀನುಗಾರರದ್ದಾ?"

"ಯಾರದ್ದೋ," ಅಂದಳು ನಿಂಫಾ. ಗಂಡನ ಅಪ್ಪ ಮೀನು ಹಿಡಿಯುತ್ತಿದ್ದ ಕಥೆಯನ್ನು ಇಲ್ಲಿ ಹೇಳುತ್ತ ಕೂರುವ ಹಾಗಿರಲಿಲ್ಲ.

ಗಂಟು ಕಟ್ಟಿದ ಪುಣ್ಯಾತ್ಮ ದೂರವೇನೂ ಹೋಗಿರಲಿಲ್ಲ. ಇದೇ ಪಲೆರ್ಮೊದ ಜೈಲಿನಲ್ಲಿದ್ದ. ಲಿಬೋರಿಯಾ ಅಜ್ಜಿಯನ್ನು ತಲೆಗೆ ಹೊಡೆದು ಕೊಂದು ಹವಳದ ಸರ ಕದ್ದ ಅಂತ ಪೊಲೀಸರು ನಿಂಫಾಳ ಗಂಡ ಗಾಸ್ಪಾರೆಯನ್ನು ಎಳೆದುಕೊಂಡು ಹೋಗಿ ಎರಡು ವಾರವಾಗಿತ್ತು. ಹಿಂದೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಈ ರುಜ್ಜೇರೊ ಆ ಅಜ್ಜಿಯ ಅಣ್ಣನ ಮಗ. ಅವಳ ಮನೆಗೆ ಉಳಿದಿರುವ ಒಬ್ಬನೇ ವಾರಸುದಾರ.

ಗೋರಿಯ ಮೇಲಿನ ಹೂವು ಇನ್ನೂ ಬಾಡಿಲ್ಲ, ಆಗಲೇ ಮನೆ ಕೊಳ್ಳುವವಳನ್ನು ಕರೆದುಕೊಂಡು ಊರು ತೋರಿಸಲು ಹೊರಟಿದ್ದಾನೆ! ಥೂ, ಇವನ ಜನ್ಮಕ್ಕೆ.

ಈ ಸವಾರಿ ಬರಬೇಕಾದದ್ದು ನಿಂಫಾಳ ದಾಯಾದಿ, ಲಾಪಾ ಓಡಿಸುವ ಫೋಫೊನಿಗೆ. ಗಿರಾಕಿ ರುಜ್ಜೇರೊ ಅಂತ ಕೇಳಿದವಳೇ ನಿಂಫಾ ಅವನ ಕೊರಳಪಟ್ಟಿ ಹಿಡಿದು ಕಿತ್ತುಕೊಂಡಿದ್ದಳು. ಲಾಪಾದ ಮುಂದೆ ಕೆಂಪು ಅಕ್ಷರದಲ್ಲಿ ಗಂಡನ ಹೆಸರು ಬರೆಸಿತ್ತು. ಅದರ ಮೇಲೆ ಸಂತ ರೊಸಾಲಿಯಾಳ ದೊಡ್ಡ ಚಿತ್ರ ಅಂಟಿಸಿದಳು. ರುಜ್ಜೇರೊ ವರ್ಷಗಟ್ಟಲೆ ನೇಪಲ್ಸಿನಲ್ಲಿದ್ದವನು, ಅವಳ ಮುಖ ಅವನಿಗೆ ಗೊತ್ತಿರಲಿಲ್ಲ. ತಾಯೀ, ಗಂಡನ ಹೆಸರು ಮುಚ್ಚಿದ್ದಕ್ಕೆ ಕ್ಷಮಿಸು, ಅವನನ್ನೇ ಬಿಡಿಸೋಕೆ ಮಾಡ್ತಿದ್ದೀನಿ ಅಂತ ಚಿತ್ರಕ್ಕೆ ಕೈಮುಗಿದು ಹೊರಟಿದ್ದಳು.

ಲಾಪಾ ಕೆಮ್ಮುತ್ತ ಮುಂದಕ್ಕೆ ಹೊರಟಿತು.

"ನಮ್ಮತ್ತೆ ಮನೆ ಅಂದ್ರೆ ಬರೀ ಮನೆ ಅಲ್ಲ ಮೇಡಂ," ರುಜ್ಜೇರೊ ಶುರು ಮಾಡಿದ. "ಅರಮನೆ. ಮೂರನೇ ಮಹಡಿ, ಬಾಲ್ಕನಿಯಿಂದ ಸಮುದ್ರ ಕಾಣುತ್ತೆ. ಅಪ್ಪ ಅಮ್ಮ ಹೋದ ಮೇಲೆ ನನ್ನ ಸಾಕಿದ್ದೇ ಆ ಮನೇಲಿ. ಮಾರೋಕೆ ಮನಸ್ಸೇ ಇಲ್ಲ ನನಗೆ."

"ಮನಸ್ಸಿಲ್ಲದಿದ್ರೆ ಇಟ್ಕೊಳ್ಳಿ ಸಾರ್," ಮುಂದಿನಿಂದಲೇ ಅಂದಳು ನಿಂಫಾ.

"ನೀನು ರಸ್ತೆ ನೋಡಮ್ಮಾ."

ರಸ್ತೆಯನ್ನೇ ನೋಡಿದಳು. ಹಲ್ಲು ಕಚ್ಚಿಕೊಂಡು ನೋಡಿದಳು. ಸಾಕಿದವಳು ಕರೆದು ಕರೆದು ಸಾಕಾದರೂ ಒಂದು ಹಬ್ಬಕ್ಕೆ ಬರಲಿಲ್ಲ ಈ ಮಗ. ದಿನಾ ಬೆಳಿಗ್ಗೆ ಅಜ್ಜಿ ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಸುತ್ತಿದ್ದಳು. ಅದರಲ್ಲಿ ಎಳ್ಳು ಹಚ್ಚಿದ ಬ್ರೆಡ್ಡು ಇಟ್ಟು "ಎಳೀ ಅಜ್ಜೀ" ಅಂತ ಕೂಗುತ್ತಿದ್ದವನು ಗಾಸ್ಪಾರೆ. ಲಾಪಾದಲ್ಲಿದ್ದ ಪ್ರವಾಸಿಗಳು ಚಪ್ಪಾಳೆ ತಟ್ಟುತ್ತಿದ್ದರು. ಅಜ್ಜಿ ಮೇಲಿನಿಂದ ಅವರಿಗೆ ಬಾಯ್ತುಂಬ ಬೈಯುತ್ತಿದ್ದಳು. ಆ ಬೈಗುಳಕ್ಕೂ ಚಪ್ಪಾಳೆ ಬೀಳುತ್ತಿತ್ತು.

ಈಗ ಬ್ರೆಡ್ಡು ಕೊಟ್ಟವನು ಒಳಗೆ, ಮುಖ ತೋರಿಸದವನು ಅರಮನೆಯ ಒಡೆಯ.

ಆ ಮಂಗಳವಾರ ಏನಾಯಿತು ಅನ್ನುವುದನ್ನು ನಿಂಫಾ ನೂರು ಸಲ ಮನಸ್ಸಿನಲ್ಲಿ ಮಗುಚಿ ಹಾಕಿದ್ದಳು. ಅವತ್ತು ಆಫ್ರಿಕಾ ಕಡೆಯಿಂದ ಸಿರೊಕ್ಕೊ ಬೀಸುತ್ತಿತ್ತು. ಒಲೆ ಬಾಯಿ ತೆರೆದಂಥ ಗಾಳಿ, ಜೊತೆಗೆ ಕೆಂಪು ಧೂಳು. ಬೆಳಿಗ್ಗೆ ಬುಟ್ಟಿ ಇಳಿಯಲಿಲ್ಲ, ಬಾಲ್ಕನಿ ಬಾಗಿಲು ಮುಚ್ಚಿತ್ತು. ಆಶ್ಚರ್ಯವೇನಿಲ್ಲ. ಅಂಥ ಗಾಳಿಗೆ ಬಾಗಿಲು ತೆರೆಯುವ ಹುಚ್ಚರು ಈ ಊರಲ್ಲಿ ಯಾರೂ ಇಲ್ಲ. ಲಿಬೋರಿಯಾ ಅಜ್ಜಿಯಂತೂ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಕೂರುತ್ತಿದ್ದಳು.

ಸಂಜೆ ಗಾಸ್ಪಾರೆ ಬ್ರೆಡ್ಡು ಹಿಡಿದು ತಾನೇ ಮೆಟ್ಟಿಲು ಹತ್ತಿದ. "ಬಾಗಿಲು ತಟ್ಟಿದೆ ಕಣೇ. ಉತ್ತರ ಬರಲಿಲ್ಲ. ಒಳಗೆ ಕಾಲಿಡಲಿಲ್ಲ, ವಾಪಸ್ ಇಳಿದೆ. ಅಷ್ಟೇ," ಅಂದಿದ್ದ ಹೆಂಡತಿಗೆ. ಓಡಿ ಇಳಿದದ್ದನ್ನು ಎದುರುಮನೆಯ ಓಲಿವಾ ಕಂಡಳು. ಆಮೇಲೆ ಕತ್ತೆತ್ತಿ ನೋಡಿದರೆ ಅಜ್ಜಿಯ ಬಾಲ್ಕನಿ ಬಾಗಿಲು ಹಾರುಹೊಡೆದಿತ್ತು. ಬಿಸಿಗಾಳಿ ನೇರ ಮನೆಯೊಳಗೆ ನುಗ್ಗುತ್ತಿತ್ತು. ಅನುಮಾನ ಬಂದು ಓಲಿವಾ ಜನ ಸೇರಿಸಿದಳು, ಮೇಲೆ ಹೆಣ ಸಿಕ್ಕಿತು.

"ಮುದುಕಿ ಗಾಳಿಗೆ ಅಂತ ತೆರೆದಿರ್ತಾಳೆ," ಅಂದಿದ್ದ ಇನ್ಸ್‌ಪೆಕ್ಟರ್. ಉತ್ತರದ ಹಿಮದ ಊರಿನವನು. ಅವನಿಗೆ ಗಾಳಿ ಅಂದರೆ ತಂಪು.

ನಿಂಫಾ ಮೇಜು ಕುಟ್ಟಿ ಹೇಳಿದ್ದಳು: "ಸಾರ್, ನಮ್ಮ ಕಡೆ ಉಸಿರು ನಿಂತ ಕೂಡಲೇ ಮನೆಯವರು ಬಾಗಿಲು ತೆರೀತಾರೆ. ಆತ್ಮಕ್ಕೆ ದಾರಿ ಬಿಡಬೇಡ್ವಾ? ಆ ಬಾಗಿಲು ತೆರೆದದ್ದು ಅಜ್ಜಿ ಸತ್ತ ಮೇಲೆ. ತೆರೆದವರು ಅವಳ ಆತ್ಮಕ್ಕೆ ಮರುಗಿದವರು. ಕಳ್ಳ ಯಾರಾದ್ರೂ ಹೆಣದ ಮುಂದೆ ನಿಂತು ಶಾಸ್ತ್ರ ಮಾಡ್ತಾನಾ?"

ಇನ್ಸ್‌ಪೆಕ್ಟರ್ ನಕ್ಕಿದ್ದ. ಆ ನಗು ನೆನೆದರೆ ಇವತ್ತಿಗೂ ಅವಳ ಮೈ ಉರಿಯುತ್ತಿತ್ತು. ಮನೆಯ ಮುಂಬಾಗಿಲಿಗೆ ಮುದ್ರೆ ಒತ್ತಿ ಹೋದ ಆ ದೊರೆ ಬಾಲ್ಕನಿ ಬಾಗಿಲನ್ನು ಮುಚ್ಚುವ ಗೋಜಿಗೂ ಹೋಗಿರಲಿಲ್ಲ.

ಅಜ್ಜಿಯ ಆತ್ಮಕ್ಕೆ ದಾರಿ ಬಿಡುವವನು ಯಾರು? ಅವಳು ಸಾಕಿದ ಮಗ. ಕೊಂದ ಕೈಯೇ ರೂಢಿ ತಪ್ಪದೆ ಬಾಗಿಲು ತೆರೆದಿದೆ. ನಿಂಫಾಳ ಲೆಕ್ಕ ಅಷ್ಟು ಸಲೀಸಾಗಿತ್ತು. ಅಡ್ಡ ಬಂದಿದ್ದದ್ದು ಒಂದೇ. ತಾನು ಊರಿಗೆ ಬಂದದ್ದೇ ಬುಧವಾರ ಬೆಳಿಗ್ಗೆ, ನೇಪಲ್ಸಿನ ಹಡಗಿನಲ್ಲಿ, ಸಾವಿನ ಸುದ್ದಿ ಕೇಳಿದ ಮೇಲೆ ಅಂತ ರುಜ್ಜೇರೊ ಹೇಳಿಕೆ ಕೊಟ್ಟಿದ್ದ.

ಸಮುದ್ರದ ದಂಡೆಯ ರಸ್ತೆ ಬಂತು. ಬಿರ್ಗಿಟ್ ಕ್ಯಾಮೆರಾ ಎತ್ತಿದಳು.

"ಆ ಬೆಟ್ಟ ಎಷ್ಟು ಚೆನ್ನಾಗಿದೆ!"

"ಪೆಲ್ಲೆಗ್ರೀನೊ ಬೆಟ್ಟ ಮೇಡಂ. ಸಂತ ರೊಸಾಲಿಯಾ ಇದ್ದದ್ದು ಅಲ್ಲೇ." ರುಜ್ಜೇರೊ ದನಿಯಲ್ಲಿ ಸ್ವಲ್ಪ ತೇವ ತಂದುಕೊಂಡ. "ಅತ್ತೆ ಸುದ್ದಿ ಕೇಳಿ ಬುಧವಾರ ಓಡಿ ಬಂದೆನಲ್ಲ, ಹಡಗಿನ ಮೇಲೆ ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಬೆಳಗಾಗ್ತಾ ಈ ಬೆಟ್ಟ ಕಂಡಿತು ನೋಡಿ, ತುದಿಯಿಂದ ಬುಡದವರೆಗೆ ಹೊಂಬಣ್ಣ. ಒಂದೊಂದು ಕಲ್ಲೂ ಎಣಿಸಬಹುದಿತ್ತು. ಅತ್ತೆಯೇ ಎದುರು ಬಂದು ನಿಂತ ಹಾಗಾಯ್ತು. ಅಳು ತಡೆಯೋಕಾಗಲಿಲ್ಲ."

ನಿಂಫಾ ತಟ್ಟನೆ ಹಿಡಿಕೆ ತಿರುಗಿಸಿದಳು. ಲಾಪಾ ಒಮ್ಮೆ ಎಡಕ್ಕೆ ವಾಲಿತು. ಹಿಂದೆ ಬಂದ ಸ್ಕೂಟರಿನವನು ಅವಳ ಏಳು ತಲೆಮಾರನ್ನು ಎತ್ತಿ ಬೈದುಕೊಂಡು ಮುಂದೆ ಹೋದ. ಯಾವತ್ತೂ ಒಂದಕ್ಕೆ ಎರಡು ಕೊಡುವವಳಿಗೆ ಅದು ಕೇಳಿಸಲೇ ಇಲ್ಲ.

ಬೆಟ್ಟ ಕಂಡಿತಾ? ಬುಧವಾರ?

ಗಾಳಿ ಶುರುವಾದದ್ದು ಸೋಮವಾರ, ನಿಂತದ್ದು ಗುರುವಾರ ರಾತ್ರಿ. ಆ ನಾಲ್ಕು ದಿನ ಬೆಟ್ಟವಿರಲಿ, ಬಂದರಿನ ದೀಪಸ್ತಂಭವೇ ನೆಟ್ಟಗೆ ಕಂಡಿರಲಿಲ್ಲ. ಆಕಾಶವೆಲ್ಲ ಇಟ್ಟಿಗೆ ಪುಡಿ. ಗಿರಾಕಿಗಳು ಬರದೆ ಲಾಪಾದವರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಸ್ಪೀಟು ಆಡಿದ್ದರು. ಬೆಟ್ಟ ಹೊಳೆಯುತ್ತಿದ್ದದ್ದು ಅದರ ಹಿಂದಿನ ಭಾನುವಾರ. ಅಂದರೆ ಇವನು ಹಡಗಿಳಿದದ್ದು ಅಜ್ಜಿ ಸಾಯುವ ಮುಂಚೆ.

ಭಾನುವಾರದ ಬೆಟ್ಟಕ್ಕೆ ಬುಧವಾರದ ಅಳು ಅಂಟಿಸಿದ ಮಗನೇ, ಸಿಕ್ಕಿಬಿದ್ದೆ!

ದೇವಾಲಯ, ಕಾರಂಜಿ, ನಾಲ್ಕು ಮೂಲೆಯ ಚೌಕ ಎಲ್ಲ ಬಾಕಿ ಇತ್ತು. ನಿಂಫಾ ಯಾವುದನ್ನೂ ತೋರಿಸಲಿಲ್ಲ. ಗಾಡಿಯನ್ನು ಸರ್ರನೆ ಕಾಲ್ಸಾ ಕೇರಿಯೊಳಕ್ಕೆ ತಿರುಗಿಸಿದಳು. ಒಗೆದ ಬಟ್ಟೆಗಳ ಕೆಳಗೆ ನುಗ್ಗಿಸಿ, ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕರನ್ನು ಎಬ್ಬಿಸಿ, ಅಜ್ಜಿಯ ಬಾಲ್ಕನಿಯ ಕೆಳಗೆ ತಂದು ನಿಲ್ಲಿಸಿದಳು. ಓಣಿ ಎಷ್ಟು ಕಿರಿದು ಅಂದರೆ ಲಾಪಾ ನಿಂತರೆ ಇಳಿಯಲು ಒಂದೇ ಪಕ್ಕ. ಆ ಪಕ್ಕದಲ್ಲಿ ಅವಳೇ ಹೋಗಿ ನಿಂತಳು.

"ಇಲ್ಲಿಗೆ ಕೊನೇಲಿ ಬರೋದು ಅಂತ ಹೇಳಿದ್ದೆನಲ್ಲಾ!" ರುಜ್ಜೇರೊ ಸಿಡುಕಿದ.

"ಕೊನೆಯೇ ಇದು ಸಾರ್. ಒಂದು ಮಾತು ಕೇಳ್ತೀನಿ. ಬುಧವಾರ ಬೆಳಿಗ್ಗೆ ಬೆಟ್ಟ ಕಂಡಿತು ಅಂದ್ರಲ್ಲ, ಇನ್ನೊಂದು ಸಲ ಹೇಳಿ."

"ಹೇಳಿದ್ದನ್ನೇ ಎಷ್ಟು ಸಲ ಹೇಳೋದು? ನಿನಗ್ಯಾಕೆ?"

"ಓಲಿವಾ ಅಕ್ಕಾ!" ನಿಂಫಾ ಕತ್ತೆತ್ತಿ ಕೂಗಿದಳು. ಎದುರು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಬಗ್ಗಿದಳು. "ಅಜ್ಜಿ ಹೋದ ಮಾರನೇ ದಿನ ಬೆಟ್ಟ ಕಾಣ್ತಿತ್ತಾ?"

"ಬೆಟ್ಟಾನಾ? ನನ್ನ ಗಂಡನ ಮುಖಾನೇ ಕಾಣ್ತಿರಲಿಲ್ಲ! ಆ ಧೂಳಿಗೆ ಒಗೆದದ್ದನ್ನೆಲ್ಲ ಮತ್ತೆ ಒಗೆದೆ. ಯಾಕೇ?"

"ಏನಿಲ್ಲ, ಇಲ್ಲೊಬ್ಬರು ಕಲ್ಲು ಎಣಿಸಿದ್ರಂತೆ!"

ರುಜ್ಜೇರೊನ ಕುತ್ತಿಗೆ ಕೆಂಪಾಯಿತು. "ಮೇಡಂ, ಈ ಹೆಂಗಸಿಗೆ ತಲೆ ಕೆಟ್ಟಿದೆ. ಇಳಿಯಿರಿ, ನಡ್ಕೊಂಡು ಹೋಗೋಣ."

ಬಿರ್ಗಿಟ್ ಇಳಿಯಲಿಲ್ಲ. ಕ್ಯಾಮೆರಾ ಮಡಿಲಲ್ಲಿಟ್ಟು ಅವನನ್ನೇ ನೋಡಿದಳು. "ನಾನು ಬಂದದ್ದು ಗುರುವಾರ. ಅವತ್ತೂ ಏನೂ ಕಾಣಿಸ್ತಿರಲಿಲ್ಲ. ನೀವು ಯಾವತ್ತು ಬಂದಿರಿ ರುಜ್ಜೇರೊ? ಸುಳ್ಳು ಹೇಳುವವರ ಮನೆ ನಾನು ಕೊಳ್ಳೋದಿಲ್ಲ."

ಅವನು ಇಳಿಯಲು ಒಂದು ಕಾಲು ಹೊರಗಿಟ್ಟ.

"ಹೇಳೋ!" ನಿಂಫಾಳ ಬಾಯಿಂದ ಸಾರ್ ಗೀರ್ ಎಲ್ಲ ಹಾರಿಹೋಯಿತು. "ಭಾನುವಾರ ಬಂದೆ. ಮಂಗಳವಾರ ಅವಳನ್ನ ಕೊಂದೆ. ಕೊಂದು ಬಾಗಿಲು ತೆರೆದೆ. ಯಾರದೋ ತಲೆ ಮೇಲೆ ಹಾಕಿ, ಇವತ್ತು ಇಲ್ಲಿ ಅರಮನೆ ಕಥೆ ಹೇಳ್ತಿದ್ದೀಯಲ್ಲ, ನಾಚಿಕೆ ಆಗಲ್ವಾ ನಿನಗೆ?"

"ನಾನು ಕೊಂದಿಲ್ಲ!" ಅವನು ಕಿರುಚಿದ ರಭಸಕ್ಕೆ ಓಣಿಯ ಪಾರಿವಾಳಗಳು ಎದ್ದವು. "ಭಾನುವಾರ ಬಂದೆ, ಹೌದು! ಮನೆ ಮಾರು ಅಂತ ಕೇಳೋಕೆ ಬಂದೆ. ಚಪ್ಪಲಿ ತಗೊಂಡು ಹೊಡೆದಳು, ಅದೂ ಹೌದು! ಮಂಗಳವಾರ ಮಧ್ಯಾಹ್ನ ಮತ್ತೆ ಹೋದೆ. ಬಾಗಿಲು ಓರೆಯಾಗಿತ್ತು. ಒಳಗೆ ಹೋದ್ರೆ ಕೆಳಗೆ ಬಿದ್ದಿದ್ದಳು. ಆಗಲೇ ಸತ್ತಿದ್ದಳು ಕಣಮ್ಮಾ, ಆಗಲೇ ತಣ್ಣಗಾಗಿದ್ದಳು!"

"ತಣ್ಣಗಾಗಿದ್ದವಳಿಗೆ ಬಾಗಿಲು ತೆರೆದೆ."

"ಎಲ್ಲಿಯ ಬಾಗಿಲು? ಎಲ್ಲ ಮುಚ್ಚಿತ್ತು, ಕತ್ತಲಿತ್ತು. ಹೆದರಿ ಓಡಿದೆ." ಈ ಸಲ ದನಿಯಲ್ಲಿದ್ದ ತೇವ ತಂದುಕೊಂಡದ್ದಲ್ಲ. "ನನ್ನ ಸಾಕಿದವಳು. ನಮ್ಮಪ್ಪ ಸತ್ತಾಗ ಅವಳೇ ನನ್ನ ಎತ್ತಿಕೊಂಡು, ನೀನೇ ಚಿಲಕ ತೆಗಿ ಮಗಾ, ಅಪ್ಪ ಹೋಗಬೇಕು ಅಂದಿದ್ದಳು. ಅಂಥವಳಿಗೆ ಒಂದು ಬಾಗಿಲು ತೆರೆಯದೆ ಓಡಿಬಂದೆ. ಆಮೇಲೆ ಬಾಗಿಲು ತೆರೆದಿತ್ತು ಅಂತ ಪೊಲೀಸರು ಹೇಳಿದಾಗ ಯಾರೋ ಪುಣ್ಯ ಕಟ್ಟಿಕೊಂಡರು ಅಂತ ಅತ್ತುಬಿಟ್ಟೆ. ನಂಬಿದ್ರೆ ನಂಬು, ಬಿಟ್ರೆ ಬಿಡು."

ನಂಬಬಾರದು ಅಂತಲೇ ನಿಂಫಾ ಹೊರಟಿದ್ದಳು. ಅವನ ಕಣ್ಣು ನೋಡಿದರೆ ನಂಬಿಕೆ ತಾನಾಗಿ ಬಂದು ಕೂತಿತು. ಅದಕ್ಕೇ ಅವಳ ಸಿಟ್ಟು ಇಮ್ಮಡಿಯಾಯಿತು. ಎರಡು ವಾರ ಒಂದು ಮುಖ ಹಿಡಿದು ಶಾಪ ಹಾಕಿದ್ದಳು, ಈಗ ಆ ಮುಖ ಮಕ್ಕಳ ಹಾಗೆ ಅಳುತ್ತಿತ್ತು.

ಹೋಗಲಿ, ಇವನು ಅಲ್ಲಿಗೆ ಹೋಗಿದ್ದ ಅನ್ನುವುದಂತೂ ಸಿಕ್ಕಿತಲ್ಲ. ಕೇಳಿದ ಸಾಕ್ಷಿಯೂ ಇದ್ದಾಳೆ. ಗಾಸ್ಪಾರೆಯನ್ನು ಬಿಡಿಸಲು ಇಷ್ಟು ಸಾಕು. ಸಾಕಲ್ಲವೇ?

ಬಿರ್ಗಿಟ್ ಯಾರನ್ನೂ ಮಾತಾಡಿಸದೆ ಲಾಪಾದ ಎಡಬದಿಯಿಂದ ತಲೆ ಹೊರಗೆ ಹಾಕಿ, ಉದ್ದ ಲೆನ್ಸನ್ನು ಮೂರನೇ ಮಹಡಿಗೆ ಗುರಿಯಿಟ್ಟು ಕ್ಲಿಕ್ಕಿಸಿದಳು. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು.

"ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಕಟ್ಟಿದ್ದಾರೆ," ಅಂದಳು. "ಕಂಬಿಗೆ. ಬುಟ್ಟಿಯ ಹಗ್ಗವೇ ಇರಬೇಕು, ಬುಟ್ಟಿ ಇನ್ನೂ ಅದರಲ್ಲೇ ಇದೆ. ತುಂಬ ಪ್ರೀತಿಯಿಂದ ಕಟ್ಟಿದ್ದಾರೆ ನೋಡಿ."

ಬಿರ್ಗಿಟ್ ತಲೆ ಒಳಗೆ ಎಳೆದುಕೊಂಡಳು.

"ಅರೆ, ಇದು ಇಲ್ಲೇ ಇದೆಯಲ್ಲ!" ಅವಳು ಖುಷಿಯಿಂದ ಕ್ಯಾಮೆರಾವನ್ನು ಪಕ್ಕದ ಪರದೆಯ ಹತ್ತಿರ ಹಿಡಿದಳು. "ಎರಡು ಸುತ್ತು ಒಳಗೆ, ಒಂದು ಕಿವಿ ಹೊರಗೆ. ಅದೇ ಗಂಟು!"

ನಿಂಫಾ ಬಗ್ಗಿ ನೋಡಿದಳು. ಕೆಳಗಿನಿಂದ ಬರಿಗಣ್ಣಿಗೆ ಇಷ್ಟು ದಿನ ಕಾಣದಿದ್ದದ್ದು ಅಲ್ಲಿ ಅಂಗೈಯಗಲ ಕಾಣುತ್ತಿತ್ತು. ಊರಲ್ಲಿ ನೂರು ಮೀನುಗಾರರು ನೂರು ಗಂಟು ಕಟ್ಟುತ್ತಾರೆ. ಕಿವಿಯನ್ನು ಹೀಗೆ ಹೊರಗೆ ಎಳೆದು ಮತ್ತೆ ಕೆಳಕ್ಕೆ ಮಡಚುವವನು ಒಬ್ಬನೇ. ಅಪ್ಪ ಕಲಿಸಿದ್ದನ್ನು ತಪ್ಪು ಕಲಿತವನು. ಆ ತಪ್ಪಿಗೆ ಅಪ್ಪನಿಂದ ಸಾಯುವವರೆಗೂ ಬೈಸಿಕೊಂಡವನು. ಮದುವೆಯಾದ ಹೊಸದರಲ್ಲಿ ಅದನ್ನು ಹೇಳಿ ಹೇಳಿ ಅವಳನ್ನು ನಗಿಸಿದವನು.

ಬಾಗಿಲು ತಟ್ಟಿದೆ. ಒಳಗೆ ಕಾಲಿಡಲಿಲ್ಲ. ಅಷ್ಟೇ.

ಸುಳ್ಳಾ, ಗಾಸ್ಪಾರೆ? ನನ್ನ ಹತ್ತಿರಾನಾ? ನಾನು ಇಲ್ಲಿ ಇನ್ಸ್‌ಪೆಕ್ಟರನ ಮೇಜು ಕುಟ್ಟಿ, ಫೋಫೊನ ಕೊರಳಪಟ್ಟಿ ಹಿಡಿದು, ಅಳುವವನನ್ನು ನಡುಬೀದಿಯಲ್ಲಿ ಕೊಲೆಗಾರ ಅಂತ ಕೂಗಿ ಮಾನ ತೆಗೆದೆ. ಆ ಬಾಗಿಲು ತೆರೆದವನು ನೀನು. ಅಜ್ಜಿ ಸತ್ತದ್ದು ನಿನಗೆ ಗೊತ್ತಿತ್ತು. ಅವತ್ತು ರಾತ್ರಿ ನನ್ನೆದುರು ಕೂತು ಊಟ ಮಾಡಿದೆಯಲ್ಲೋ, ಎರಡನೇ ಸಲ ಬಡಿಸಿಕೊಂಡೆಯಲ್ಲೋ!

ಸಿಟ್ಟಿಗೆ ಅವಳು ಪರದೆಯ ಗಂಟನ್ನು ಹಿಡಿದು ಜಗ್ಗಿದಳು.

ರುಜ್ಜೇರೊ ಅಳು ನಿಲ್ಲಿಸಿದ್ದ. ಅವನ ದೃಷ್ಟಿ ಕ್ಯಾಮೆರಾದಿಂದ ಪರದೆಗೆ, ಪರದೆಯಿಂದ ನಿಂಫಾಳ ಮುಖಕ್ಕೆ ಹರಿಯಿತು. ಮೂಗು ಒರೆಸಿಕೊಂಡ.

"ಕಟ್ಟಿದವನು ಕೈಗೆ ಸಿಗೋದಿಲ್ಲ ಅಂದೆಯಲ್ಲಮ್ಮಾ," ಮೆಲ್ಲಗೆ ಕೇಳಿದ. "ಯಾರವನು?"

ನಿಂಫಾ ಲಾಪಾದ ಮುಂದಕ್ಕೆ ಹೋಗಿ ಸಂತ ರೊಸಾಲಿಯಾಳ ಚಿತ್ರದ ಅಂಚಿಗೆ ಉಗುರು ಹಾಕಿದಳು. ಒಂದೇ ಎಳೆತಕ್ಕೆ ಅರ್ಧ ಚಿತ್ರ ಹರಿದು ಕೈಗೆ ಬಂತು. ಕೆಳಗೆ ಕೆಂಪು ಅಕ್ಷರ ಕಂಡಿತು.

"ಓದ್ಕೋ," ಅಂದಳು. "ನನ್ನ ಗಂಡ."

ರುಜ್ಜೇರೊ ಓದಿದ. ಆಮೇಲೆ ಅವಳ ಹತ್ತಿರ ಸರಿದು, ಬಿರ್ಗಿಟ್‌ಗೆ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ: "ನಾನು ಭಾನುವಾರ ಬಂದದ್ದು ನಿನಗೆ ಗೊತ್ತು. ನಿನ್ನ ಗಂಡ ಒಳಗೆ ಹೋಗಿದ್ದು ನನಗೆ ಗೊತ್ತು. ನೀನೂ ಮರೆ, ನಾನೂ ಮರೀತೀನಿ. ಆ ಚಿತ್ರ ಅಳಿಸಿಬಿಡಿ ಅಂತ ನೀನು ಒಂದು ಮಾತು ಕೇಳಿದ್ರೆ ಮೇಡಂ ಅಳಿಸ್ತಾರೆ. ಹೆಂಗಸಿಗೆ ಹೆಂಗಸು ಇಲ್ಲ ಅನ್ನಲ್ಲ."

ಎಷ್ಟು ಸುಲಭ! ನಿಂಫಾ ಹಿಂದಿನ ಸೀಟಿನತ್ತ ಬಂದಳು. ಕೈಯಲ್ಲಿ ಹರಿದ ಚಿತ್ರ, ಅದರಲ್ಲಿ ಸಂತಳ ಮುಖದ ಅರ್ಧ. ಬಿರ್ಗಿಟ್ ಗಾಬರಿಯಿಂದ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡಳು.

ಕೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಮೇಡಂ," ಅಂದಳು ನಿಂಫಾ. "ಆ ಚಿತ್ರ ಜೋಪಾನ. ಇವನು ಎಷ್ಟು ಕೇಳಿದ್ರೂ ಅಳಿಸಬೇಡಿ. ನಾಳೆ ಜೈಲಿನಲ್ಲಿ ನನ್ನ ಗಂಡನ್ನ ನೋಡಿ ಬರ್ತೀನಿ. ಬಂದ ಮೇಲೆ ನಾನೇ ನಿಮ್ಮ ಕಾಲು ಹಿಡಿದು ಕೇಳ್ತೀನೇನೋ, ಆಗಲೂ ಅಳಿಸಬೇಡಿ."